ಅಮ್ಮನ ಉಪ್ಪುಕೆರೆ

ಪಿನ್ನರ್, ಲಂಡನ್
೧೮ ನವೆಂಬರ್ ೨೦೨೪

ಅಮ್ಮಾ,

ಇದು ನಾನು ಬರೆಯುತ್ತಿರುವ ಮೂರನೇ ಪತ್ರ, ನಿನಗೆ ತಲುಪಲಿರುವ ಮೊದಲನೇ ಪತ್ರ. ಹಿಂದಿನ ಎರಡನ್ನೂ ಫೋನಿನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಇಮೇಲ್ ಕಳಿಸಿದ್ದೆ. ಅಂಟಾರ್ಕ್ಟಿಕಾದ ನಿಮ್ಮ ಸಂಶೋಧನಾ ಠಾಣೆಯ ಪ್ರಿಂಟರಿಗೆ ಕನ್ನಡ ಬರುವುದಿಲ್ಲವಂತೆ. ಪುಟದ ತುಂಬ ಬರೀ ಚೌಕಗಳು ಬಿದ್ದಿವೆ, ಇದು ಏನಾದರೂ ಸಂಕೇತವೇ ಎಂದು ಅಲ್ಲಿನ ಯಾರೋ ಪುಣ್ಯಾತ್ಮ ಕೇಳಿ ಬರೆದಿದ್ದ. ಇಂಗ್ಲಿಷಿನಲ್ಲಿ ಬರೆಯೋಣವೆಂದರೆ ನಿನ್ನ ಅಪ್ಪಣೆ ಅಡ್ಡ ಬರುತ್ತದೆ: "ಅಲ್ಲಿ ಎಲ್ರ ಕಣ್ಣಿಗೂ ಬೀಳತ್ತೆ, ಮನೆ ವಿಷಯ ಕನ್ನಡದಲ್ಲೇ ಬರಿ." ಆದ್ದರಿಂದ ಕೈಯಲ್ಲಿ ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ. ಅದನ್ನು ಅವರು ಪ್ರಿಂಟ್ ಹಾಕಿ, ಹೆಲಿಕಾಪ್ಟರ್ ಹಾರುವ ದಿನ ಬಂದರೆ, ಗಾಳಿ ಸುಮ್ಮನಿದ್ದರೆ, ನಿನ್ನ ಗುಡಿಸಲಿಗೆ ತಲುಪಿಸುತ್ತಾರೆ. ಹನ್ನೊಂದನೇ ವಯಸ್ಸಿಗೆ ಮೈಸೂರು ಬಿಟ್ಟವಳ ಅಕ್ಷರ ಇದು. ಓದಲು ಕಷ್ಟವಾದರೆ ಆಗಲಿ.

ಶನಿವಾರ ಹ್ಯಾರೋದಲ್ಲಿ ನಮ್ಮವರ ದೀಪಾವಳಿ ಕೂಟವಿತ್ತು. ಹೋಗಬಾರದಿತ್ತು. ತಟ್ಟೆ ಹಿಡಿದು ಇನ್ನೂ ಕೂತಿಲ್ಲ, ಗಾರ್ಗಿ ಆಂಟಿ ಬಂದರು.

"ಎಷ್ಟು ತಿಂಗಳಮ್ಮಾ?"

"ಆರು ಆಂಟಿ."

"ಬಾಣಂತನಕ್ಕೆ ಅಮ್ಮ ಬರ್ತಾರಲ್ಲ?"

"ಅಮ್ಮ ಅಕ್ಸ್‌ಬ್ರಿಡ್ಜಲ್ಲೇ ಇರೋದು. ಈಗ ಅಂಟಾರ್ಕ್ಟಿಕಾಗೆ ಹೋಗಿದಾರೆ."

"ಅಯ್ಯೋ, ಟೂರಾ?"

"ಅಲ್ಲ ಆಂಟಿ. ಒಂದು ಕೆರೆ ನೋಡಕ್ಕೆ."

"ಕೆರೇನಾ? ಮಗಳ ಬಸುರಲ್ಲಿ ಕೆರೆ ನೋಡಕ್ಕೆ ಹೋದ್ರಾ?"

ಆ ಮೇಲೆ ಪಾಯಸದ ಸಾಲಿನಲ್ಲಿ ನಿಂತವರೆಲ್ಲ ಒಬ್ಬರ ಹಿಂದೊಬ್ಬರು ಬಂದು ನನ್ನ ತಲೆ ಸವರಿದರು, ತಬ್ಬಲಿಯನ್ನು ಸವರಿದ ಹಾಗೆ. ನಾನು ಯಾರಿಗೆಂದು ಹೇಳಲಿ, ನಮ್ಮಮ್ಮ ಕೆರೆಗಳ ಪ್ರೊಫೆಸರು, ಆ ಕೆರೆ ಉಪ್ಪು, ಅದು ಕಲಕುವುದಿಲ್ಲ ಎಂದು? ಕಲಕದ ಕೆರೆಯನ್ನು ನೋಡುವುದಕ್ಕೇನು ಅವಸರ, ಮುಂದಿನ ವರ್ಷ ನೋಡಿದರಾಯಿತಲ್ಲ ಎಂದು ಅವರು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಏಕೆಂದರೆ ನನ್ನ ಪ್ರಶ್ನೆಯೂ ಅದೇ.

ನನ್ನ ಅತ್ತೆ, ಅಭಿಜಿತ್‌ನ ತಾಯಿ, ಬದುಕಿದ್ದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅಪ್ಪ ಮಾತ್ರ ತಾವೇ ಬಾಣಂತನ ಮಾಡುವುದಾಗಿ ಘೋಷಿಸಿದ್ದಾರೆ. ನಿವೃತ್ತಿಯಾದ ಮೇಲೆ ಅವರಿಗೆ ಸಿಕ್ಕ ಮೊದಲ ಪ್ರಾಜೆಕ್ಟ್ ನಾನು.

ನನ್ನದು ಒಂದೇ ಪ್ರಶ್ನೆ. ಡೇಟು ಫೆಬ್ರವರಿ ಇಪ್ಪತ್ತು. ನೀನು ಫೆಬ್ರವರಿ ಐದರ ವಿಮಾನದಲ್ಲಿ ಹೊರಡುತ್ತೀಯೋ ಇಲ್ಲವೋ?

ಸಿರಿಶಾ


ಕೆರೆಯ ದಂಡೆ
೧ ಡಿಸೆಂಬರ್ ೨೦೨೪

ಪ್ರೀತಿಯ ಸಿರಿ,

ಹೊರಡುತ್ತೇನೆ, ಹೊರಡುತ್ತೇನೆ, ಹೊರಡುತ್ತೇನೆ. ಇದನ್ನು ಹೀತ್ರೋದಲ್ಲಿಯೂ ಹೇಳಿದ್ದೆ. ನಿನ್ನ ಅಪ್ಪ ಸಾಕ್ಷಿ.

ನಿನ್ನ ಪತ್ರವನ್ನು ಜೂಡಿತ್‌ಗೂ ಓದಿ ಹೇಳಿದೆ, ಸಿಟ್ಟಾಗಬೇಡ. ಹ್ಯಾರೋದ ಎಲಿಯಾಸ್ ಅಂಕಲ್ ಹೆಂಡತಿ, ನಮ್ಮ ತಂಡದ ಕೆಮಿಸ್ಟು, ನಿನಗೆ ಗೊತ್ತಲ್ಲ. ಗುಡಿಸಲಿನಲ್ಲಿ ನಾವಿಬ್ಬರೇ. ಎರಡು ಮಂಚ, ಒಂದು ಸ್ಟವ್, ಹೊರಗೆ ಹೆಜ್ಜೆ ಇಟ್ಟರೆ ಮಂಜುಗಡ್ಡೆ. ಉಡುಪಿಯವಳ ಎದುರು ಕನ್ನಡ ಗುಟ್ಟಾಗಿ ಉಳಿಯುವುದೂ ಇಲ್ಲ. ಅವಳು ಕೇಳಿ ನಕ್ಕು, "ಮಗಳು ಹೇಳುದ್ರಲ್ಲಿ ತಪ್ಪೇನುಂಟು ಮಾರಾಯ್ರೆ?" ಎಂದಳು. ನಿನ್ನ ಪಕ್ಷಕ್ಕೆ ಇಲ್ಲಿಯೂ ಒಂದು ಮತ ಬಿತ್ತು.

ಅವಸರವೇನು ಎಂದು ಕೇಳಿದ್ದೀಯ. ಹೇಳುತ್ತೇನೆ, ಪುಟ ತಿರುಗಿಸಬೇಡ. ಸಾವಿರಾರು ವರ್ಷಗಳ ಹಿಂದೆ ಇದು ಸಮುದ್ರದ ಒಂದು ತೋಳಾಗಿತ್ತು. ಹಿಮದ ಭಾರ ಇಳಿದು ನೆಲ ಮೇಲೆದ್ದಿತು, ತೋಳು ತುಂಡಾಗಿ ಕೆರೆಯಾಯಿತು. ಕೆಳಗೆ ಹಳೆಯ ಸಮುದ್ರದ ನೀರು ಇನ್ನಷ್ಟು ಉಪ್ಪಾಗಿ, ಭಾರವಾಗಿ ಕೂತಿದೆ. ಮೇಲೆ ಹಿಮ ಕರಗಿ ಬಂದ ಹಗುರ ನೀರು. ಎರಡೂ ಒಂದೇ ಪಾತ್ರೆಯಲ್ಲಿದ್ದು ಬೆರೆಯುವುದಿಲ್ಲ. ತಳದ ನೀರಿಗೆ ಗಾಳಿ ಸೋಕಿ ಎಷ್ಟೋ ಸಾವಿರ ವರ್ಷವಾಗಿದೆ. ಅದನ್ನು ಒಂದು ಸೀಸೆಯಷ್ಟು ಎತ್ತಿ ತಂದರೂ ಕೊಳೆತ ಮೊಟ್ಟೆಯ ನಾತ ಗುಡಿಸಲನ್ನೆಲ್ಲ ತುಂಬುತ್ತದೆ. ಎರಡು ನೀರೂ ಸೇರುವ ಎಲ್ಲೆಯಲ್ಲಿ ಹಸಿರು ಬಣ್ಣದ ಬ್ಯಾಕ್ಟೀರಿಯಾಗಳ ಒಂದು ತೆಳು ಪಟ್ಟೆಯಿದೆ. ಗಾಳಿ ಬೇಡ, ಒಂದಿಷ್ಟು ಬೆಳಕು ಸಾಕು ಅವಕ್ಕೆ. ಇಪ್ಪತ್ತೊಂಬತ್ತು ವರ್ಷದಿಂದ ನಾನು ಆ ಪಟ್ಟೆಯನ್ನು ಬಲ್ಲೆ.

ಕೆರೆಯ ಮೇಲಿನ ಮಂಜುಗಡ್ಡೆಯೇ ಅದರ ಮುಚ್ಚಳ. ಮುಚ್ಚಳ ಇರುವವರೆಗೆ ಗಾಳಿ ಏನೂ ಮಾಡಲಾರದು. ಈ ಸಲ ಅದು ಪೂರ್ತಿ ಕರಗುವ ಹಾಗಿದೆ. ಆಗ ದೊಡ್ಡ ಗಾಳಿ ಬೀಸಿದರೆ? ಅದನ್ನು ಈವರೆಗೆ ಇಲ್ಲಿ ಯಾರೂ ಕಂಡಿಲ್ಲ. ಮುಂದಿನ ವರ್ಷ ನನಗೆ ನಿವೃತ್ತಿ. ಇನ್ನೊಂದು ಸಲ ನನ್ನನ್ನು ಯಾರೂ ಇಲ್ಲಿಗೆ ಕಳಿಸುವುದಿಲ್ಲ.

ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆ ನುಂಗಬೇಡ. ಗಾರ್ಗಿಗೆ ನನ್ನ ನಮಸ್ಕಾರ ತಿಳಿಸಬೇಡ.

ನಿನ್ನ ಅಮ್ಮ


ಪಿನ್ನರ್
೧೪ ಡಿಸೆಂಬರ್ ೨೦೨೪

ಅಮ್ಮಾ,

ಪುಟ ತಿರುಗಿಸಿದೆ. ಒಂದೂವರೆ ಪುಟ ಕೆರೆ, ಅರ್ಧ ಸಾಲು ಕಬ್ಬಿಣದ ಮಾತ್ರೆ.

ಈಗ ನನ್ನ ಸುದ್ದಿ. ಅಪ್ಪ ಅಂಟಿನುಂಡೆ ಮಾಡುವುದಕ್ಕೆ ಹೊರಟರು. ಹೆರಿಗೆಗೆ ಇನ್ನೂ ಎರಡು ತಿಂಗಳಿದೆ ಅಪ್ಪ ಎಂದೆ. "ಟ್ರಯಲ್ ರನ್ ಬೇಡ್ವಾ?" ಎಂದರು. ಎಜ್‌ವೇರ್‌ವರೆಗೂ ಹೋಗಿ ಅಂಗಡಿಯಲ್ಲಿ 'ಗಮ್' ಕೇಳಿ, ಹುಡುಗ ಚ್ಯೂಯಿಂಗ್ ಗಮ್ ತೋರಿಸಿ, ಇವರು ಅವನಿಗೆ ಬಾಣಂತಿಯ ಬೆನ್ನುಮೂಳೆಯ ಬಗ್ಗೆ ಉಪನ್ಯಾಸ ಕೊಟ್ಟು, ಕೊನೆಗೆ ಒಬ್ಬ ಗುಜರಾತಿ ಅಜ್ಜಿ ಸರಿಯಾದ ಪೊಟ್ಟಣ ಎತ್ತಿಕೊಟ್ಟರಂತೆ. ನಮ್ಮ ಅಡುಗೆಮನೆಯಲ್ಲಿ ಬೆಲ್ಲದ ಪಾಕ ಇಟ್ಟು, ಅದು ಏರುವವರೆಗೆ ಅಂತ ಯೂಟ್ಯೂಬ್ ನೋಡುತ್ತಾ ಕೂತರು. ಪಾಕ ಏರಿತು. ಹೊಗೆಯೂ ಏರಿತು. ಅಲಾರಂ ಹೊಡೆದುಕೊಂಡಿತು, ಇಡೀ ಬ್ಲಾಕಿನ ಜನ ಲಿಫ್ಟ್ ಬಿಟ್ಟು ಮೆಟ್ಟಿಲಿಳಿದು ಚಳಿಯಲ್ಲಿ ನಿಂತರು. ಕೆಳಗಿನ ಫ್ಲಾಟಿನ ಹೆಂಗಸು ತನ್ನ ಬೆಕ್ಕನ್ನು ಕೋಟಿನೊಳಗೆ ಸಿಕ್ಕಿಸಿಕೊಂಡು ನನ್ನನ್ನೇ ನೋಡುತ್ತಿದ್ದಳು. ಉಂಡೆಗಳು ಉಳಿದಿವೆ. ಹಲ್ಲಿಗೆ ಬಗ್ಗುವುದಿಲ್ಲ. ಅಭಿಜಿತ್ ಒಂದನ್ನು ಬಾಗಿಲು ಬಡಿದುಕೊಳ್ಳದ ಹಾಗೆ ಅಡ್ಡ ಇಟ್ಟಿದ್ದಾನೆ.

ಪಾಕದ ಹದ ಯಾವುದು ಎಂದು ಕೇಳಲು ನನಗೆ ಅಮ್ಮ ಬೇಕಿತ್ತು. ಅಮ್ಮ ಕೊಳೆತ ಮೊಟ್ಟೆಯ ನೀರು ಎತ್ತುತ್ತಿದ್ದಳು.

ನನ್ನ ಯಾವ ಶೂಗಳೂ ಈಗ ಆಗುವುದಿಲ್ಲ, ಅಭಿಜಿತ್‌ನ ಚಪ್ಪಲಿ ಹಾಕಿಕೊಂಡು ಓಡಾಡುತ್ತೇನೆ. ಉಂಗುರವನ್ನು ಸೋಪು ಹಚ್ಚಿ ತೆಗೆದೆ. ಮಿಡ್‌ವೈಫ್ ಮುಂದಿನ ವಾರ ಮತ್ತೆ ಬಾ ಎಂದಿದ್ದಾಳೆ. ಅವರಿಗೇನು, ಕರೆಯುತ್ತಲೇ ಇರುತ್ತಾರೆ.

ಸಿರಿಶಾ


ಕೆರೆಯ ದಂಡೆ
೨೯ ಡಿಸೆಂಬರ್ ೨೦೨೪

ಸಿರಿ,

ನಗಬಾರದೆಂದುಕೊಂಡೂ ನಕ್ಕೆ. ಅಪ್ಪನಿಗೆ ಹೇಳು: ಒಂದು ಬಟ್ಟಲು ತಣ್ಣೀರಿನಲ್ಲಿ ಪಾಕದ ಹನಿ ಬಿಟ್ಟು ಬೆರಳಲ್ಲಿ ಉರುಳಿಸಿದರೆ ಮೆತ್ತಗಿನ ಗೋಲಿಯಾಗಬೇಕು, ಅಷ್ಟೇ, ತಕ್ಷಣ ಇಳಿಸಬೇಕು. ಅಂಟನ್ನು ತುಪ್ಪದಲ್ಲಿ ಚೂರುಚೂರೇ ಹಾಕಿ ಅರಳಿಸಬೇಕು, ಒಟ್ಟಿಗೆ ಸುರಿಯಬಾರದು. ಒಣಕೊಬ್ಬರಿ ಬಾಡಿದರೆ ಸಾಕು, ಕೆಂಪಾಗಕೂಡದು.

ಕಾಲು ಊದುವುದು ಎಲ್ಲರಿಗೂ ಇದ್ದದ್ದೇ. ನೀನು ಹೊಟ್ಟೆಯಲ್ಲಿದ್ದಾಗ ನಾನು ನಿನ್ನ ತಾತನ ಚಪ್ಪಲಿ ಹಾಕಿಕೊಂಡು ಕಾಲೇಜಿಗೆ ಪಾಠ ಮಾಡಲು ಹೋಗುತ್ತಿದ್ದೆ. ದಿಂಬಿನ ಮೇಲೆ ಕಾಲಿಟ್ಟು ಮಲಗು.

ಇಲ್ಲಿ ದಂಡೆಯುದ್ದಕ್ಕೂ ಮಂಜುಗಡ್ಡೆ ಬಿಟ್ಟುಕೊಂಡು ಒಂದು ಮಾರಿನಷ್ಟು ನೀರು ತೆರೆದಿದೆ. ನಡುವಿನದು ಬಣ್ಣ ತಿರುಗಿ ಬೂದಿಯಾಗಿದೆ. ಈಗ ಅದರ ಮೇಲೆ ನಡೆಯುವಂತಿಲ್ಲ, ದೋಣಿ ಬೇಕು. ಇಷ್ಟು ಬೇಗ ಹೀಗಾದದ್ದನ್ನು ನಾನು ಎಂದೂ ನೋಡಿಲ್ಲ, ಸಿರಿ! ಜೂಡಿತ್ ದಿನಾ ಬೆಳಿಗ್ಗೆ ಬಾಗಿಲು ತೆಗೆದು, "ಇವತ್ತು ಹೋಗ್ತದೆ ನೋಡಿ" ಅನ್ನುತ್ತಾಳೆ. ಗಂಟೆಗೊಮ್ಮೆ ಎದ್ದು ನೋಡುತ್ತೇವೆ, ಹಾಲು ಉಕ್ಕುವುದನ್ನು ಕಾಯುವವರ ಹಾಗೆ.

ನಿನ್ನ ಚುಚ್ಚುಮಾತಿಗೆ ಒಂದು ಮಾತು. ಕೆರೆಯನ್ನು ನಿನ್ನ ಮಲತಂಗಿಯ ಹಾಗೆ ನೋಡಬೇಡ. ನೀನು ಹುಟ್ಟುವ ಮೊದಲು ನನಗೆ ಒಂದು ಕೆಲಸವಿತ್ತು, ನೀನು ಹುಟ್ಟಿದ ಮೇಲೂ ಇತ್ತು. ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳಲಾರೆ. ನಿನ್ನ ಅಪ್ಪ ಬ್ಯಾಂಕಿನ ಸಾಫ್ಟ್‌ವೇರ್ ಎಂದು ಮೂರು ಮೂರು ತಿಂಗಳು ಫ್ರಾಂಕ್‌ಫರ್ಟಿನಲ್ಲಿ ಕೂತಾಗ ನೀನು ಅವರಿಗೆ ಇಂಥ ಒಂದು ಪತ್ರವನ್ನೂ ಬರೆಯಲಿಲ್ಲ.

ಅಮ್ಮ


ಲಂಡನ್
೯ ಜನವರಿ ೨೦೨೫

ಅಮ್ಮಾ,

ನಿನ್ನ ಪತ್ರ ಬಂತು. ಎಲ್ಲ ಸರಿಯಾಗಿದೆ. ಹೆಚ್ಚು ಬರೆಯಲು ಆಗುತ್ತಿಲ್ಲ, ಕಣ್ಣು ನೋವು. ಕಿಟಕಿಯಿಂದ ಕಾರ್ ಪಾರ್ಕ್ ಕಾಣುತ್ತದೆ, ಮಳೆ ಹಿಡಿದಿದೆ. ಅಪ್ಪ ಪಾಕದ ಹದವನ್ನು ಬರೆದುಕೊಂಡರು.

ನಿನ್ನ ಕೆಲಸ ಚೆನ್ನಾಗಿ ನಡೆಯಲಿ.

ಸಿರಿಶಾ


ಕೆರೆಯ ದಂಡೆ
೧೭ ಜನವರಿ ೨೦೨೫

ಸಿರಿ,

ಈ ಸಿಟ್ಟು ಎಷ್ಟು ದಿನ? 'ನಿನ್ನ ಕೆಲಸ ಚೆನ್ನಾಗಿ ನಡೆಯಲಿ' ಅಂತೆ. ನಿನ್ನ ಅಜ್ಜಿಯೂ ಹೀಗೇ, ಕೋಪ ಬಂದರೆ ಬಲು ಮರ್ಯಾದೆ.

ಚಳಿಗೆ ಕೈ ಓಡುತ್ತಿಲ್ಲ. ಅಕ್ಷರ ಹೀಗಿದೆ, ಓದಿಕೋ. ಮಂಜುಗಡ್ಡೆ ಪೂರ್ತಿ ಹೋಯಿತು. ಕೆರೆ ತೆರೆದಿದೆ. ಐದನೇ ತಾರೀಖಿನ ವಿಮಾನ ಆಗುವುದಿಲ್ಲ. ಹಡಗಿನಲ್ಲಿ ಬರುತ್ತೇನೆ, ಮಾರ್ಚ್ ಮೊದಲ ವಾರ. ಮೊದಲ ಹೆರಿಗೆ ತಡವಾಗುವುದೇ ಹೆಚ್ಚು. ಆಸ್ಪತ್ರೆ ಹತ್ತಿರವಿದೆ, ಅಭಿಜಿತ್ ಇದ್ದಾನೆ, ಅಪ್ಪ ಇದ್ದಾರೆ. ನಾನು ಬಂದು ಎರಡು ತಿಂಗಳು ನಿನ್ನ ಜೊತೆಯೇ ಇರುತ್ತೇನೆ.

ಅಮ್ಮ


ಪಿನ್ನರ್
೨೫ ಜನವರಿ ೨೦೨೫

ಅಮ್ಮಾ,

ನಿನ್ನ ಕೋಳಿ ಕೆದರಿದ ಅಕ್ಷರದ ಪತ್ರವನ್ನು ನಾನು ಮಕ್ಕಳ ವಾರ್ಡಿನಲ್ಲಿ ಕೂತು ಓದಿದೆ. ಹೌದು, ಮಕ್ಕಳ ವಾರ್ಡು. ನೀನು ಅಜ್ಜಿಯಾಗಿದ್ದೀಯ. ಜನವರಿ ಹನ್ನೆರಡರಂದು. ಹೆಣ್ಣುಮಗು.

ಕಾಲು ಊದುವುದು ಎಲ್ಲರಿಗೂ ಇದ್ದದ್ದೇ ಎಂದು ಬರೆದಿದ್ದೆಯಲ್ಲ, ನನ್ನದು ಹಾಗಿರಲಿಲ್ಲ. ಬಿಪಿ. ಮಿಡ್‌ವೈಫ್‌ಗೆ ಡಿಸೆಂಬರಿನಿಂದಲೇ ಅನುಮಾನವಿತ್ತು. ಆರನೇ ತಾರೀಖು ಬೆಳಿಗ್ಗೆ ತಲೆ ಒಡೆದುಹೋಗುವ ನೋವು, ಕಣ್ಣ ಮುಂದೆ ಮಿಂಚಿನ ಹಾಗೆ ಗೆರೆಗಳು. ಜಿಪಿ ಡಾಕ್ಟರು ನೋಡಿದವರೇ ಆಂಬುಲೆನ್ಸ್ ಕರೆದರು. ನಿನಗೆ 'ಎಲ್ಲ ಸರಿಯಾಗಿದೆ' ಎಂದು ಬರೆದದ್ದು ಆಸ್ಪತ್ರೆಯ ಮಂಚದಿಂದ. ಮೂರು ದಿನದ ನಂತರ, "ಇನ್ನು ಕಾಯೋದು ಇಬ್ಬರಿಗೂ ಒಳ್ಳೇದಲ್ಲ" ಎಂದು ಹೊಟ್ಟೆ ಕೊಯ್ದು ತೆಗೆದರು. ಎರಡು ಕಿಲೋಗೂ ಕಡಿಮೆ. ಅವಳು ಅಳಲಿಲ್ಲ ಅಮ್ಮ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಆಮೇಲೆ ಅತ್ತಳು, ಬೆಕ್ಕಿನಮರಿಯ ಹಾಗೆ. ಈಗಲೂ ಗಾಜಿನ ಪೆಟ್ಟಿಗೆಯಲ್ಲಿದ್ದಾಳೆ, ಮೂಗಿನಲ್ಲಿ ಹಾಲಿನ ಟ್ಯೂಬು. ನಾನು ಮನೆಗೆ ಬಂದಿದ್ದೇನೆ, ಅವಳು ಬಂದಿಲ್ಲ. ದಿನಾ ಬೆಳಿಗ್ಗೆ ಹೋಗಿ ಸಂಜೆ ಬರಿಗೈಯಲ್ಲಿ ಬರುತ್ತೇನೆ.

ನಿನಗೆ ತಿಳಿಸೋಣವೆಂದು ಅಭಿಜಿತ್ ಎರಡು ಸಲ ಫೋನ್ ಎತ್ತಿಕೊಂಡ. ನಾನು ಕಸಿದುಕೊಂಡೆ. ಅಪ್ಪನ ಹತ್ತಿರ ಆಣೆ ಹಾಕಿಸಿಕೊಂಡೆ.

ಆದರೆ ನಾನು ಈಗ ಬರೆಯುತ್ತಿರುವುದು ಅದಕ್ಕಲ್ಲ. ಇವತ್ತು ಮಧ್ಯಾಹ್ನ ಎಲಿಯಾಸ್ ಅಂಕಲ್ ಬಂದಿದ್ದರು, ಡಬ್ಬಿಯಲ್ಲಿ ಗಂಜಿ, ಚಟ್ನಿ ಹಿಡಿದು. ಮಗುವಿನ ಸುದ್ದಿ ಅವರಿಗೂ ಇವತ್ತೇ ತಿಳಿದದ್ದು. ಕೂತವರು ಅಪ್ಪನನ್ನು ಕೇಳಿದರು:

"ಕಾಮಾಕ್ಷಿಯವರ ಕೈ ಹೇಗುಂಟು ಈಗ?"

"ಯಾವ ಕೈ?"

"ಬಲಗೈ. ಮುರಿದದ್ದು."

ಅಪ್ಪ ಗಂಜಿಯ ಡಬ್ಬಿಯನ್ನು ಹಾಗೇ ಹಿಡಿದು ನಿಂತುಬಿಟ್ಟರು. ಎಲಿಯಾಸ್ ಅಂಕಲ್‌ಗೆ ತಾವು ಏನು ಮಾಡಿದೆವೆಂದು ಗೊತ್ತಾಯಿತು. ಆದರೆ ಬಾಯಿಬಿಟ್ಟಾಗಿತ್ತು, ಉಳಿದದ್ದನ್ನೂ ಹೇಳಿದರು. ನೀನು ಹತ್ತನೇ ತಾರೀಖು ದಂಡೆಯಲ್ಲಿ ಜಾರಿ ಬಿದ್ದದ್ದು. ಠಾಣೆಯ ಡಾಕ್ಟರು ಇಪ್ಪತ್ತರ ವಿಮಾನದಲ್ಲಿ ವಾಪಸು ಹೋಗಿ ಎಂದದ್ದು. ನೀನು ಒಲ್ಲೆ ಎಂದು ನಿನ್ನ ಸೀಟನ್ನು ಬೇರೆಯವರಿಗೆ ಬಿಟ್ಟುಕೊಟ್ಟದ್ದು.

ಹೊರಡು ಎಂದು ಡಾಕ್ಟರೇ ಹೇಳಿದ್ದರು. ಸೀಟಿತ್ತು. ಆ ವಿಮಾನ ಹತ್ತಿದ್ದರೆ ಮೊನ್ನೆಯೇ ವಾರ್ಡಿನಲ್ಲಿ ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಿದ್ದೆ. ನೀನು 'ಚಳಿಗೆ ಕೈ ಓಡುತ್ತಿಲ್ಲ' ಎಂದು ಬರೆದೆ. ನಾನು ಅದನ್ನು ಓದಿ, ಅಮ್ಮನಿಗೆ ನನಗೆ ನಾಲ್ಕು ಸಾಲು ನೆಟ್ಟಗೆ ಬರೆಯುವಷ್ಟೂ ಪುರುಸೊತ್ತಿಲ್ಲ ಎಂದುಕೊಂಡು ವಾರ್ಡಿನಲ್ಲಿ ಅತ್ತೆ. ನರ್ಸು ಮಗುವಿಗಾಗಿ ಅಳುತ್ತಿದ್ದೇನೆಂದು ತಿಳಿದು ಟೀ ತಂದುಕೊಟ್ಟಳು.

ಮುರಿದ ಕೈಯಲ್ಲಿ ಆ ಕೆರೆಯನ್ನು ಏನು ಮಾಡುತ್ತಿದ್ದೀಯ ಅಮ್ಮ?

ಸಿರಿಶಾ


ಕೆರೆಯ ದಂಡೆ
೨೬ ಜನವರಿ ೨೦೨೫

ಸಿರಿ,

ಜೂಡಿತ್ ಬರೆಯುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ಇನ್ನು ಬಚ್ಚಿಡುವುದಕ್ಕೆ ಏನೂ ಇಲ್ಲ, ನನ್ನ ಬಲಗೈ ಮಣಿಕಟ್ಟು ಮುರಿದಿದೆ. ಹಿಂದಿನ ಪತ್ರ ಎಡಗೈಯಲ್ಲಿ ಬರೆದದ್ದು.

ಇವತ್ತು ಬೆಳಿಗ್ಗೆ ರೇಡಿಯೋದಲ್ಲಿ ಠಾಣೆಯವರು ಕರೆದರು. "ಕಾಮಾಕ್ಷಿ, ಮನೆಯಿಂದ ಸಂದೇಶ, ಕೂತಿದ್ದೀರಾ?" ಎಂದರು. ನಿನ್ನೆ ಸಂಜೆ ನಿನ್ನ ಅಪ್ಪ ನಮ್ಮನ್ನು ಇಲ್ಲಿಗೆ ಕಳಿಸಿದ ಲಂಡನ್ನಿನ ಆಫೀಸಿನ ತುರ್ತು ನಂಬರಿಗೆ ಫೋನ್ ಮಾಡಿದರಂತೆ. ಅವರು ಬರೆಸಿದ್ದನ್ನು ಠಾಣೆಯ ರೇಡಿಯೋ ಹುಡುಗಿ ಓದಿದಳು: ಹನ್ನೆರಡರಂದು ಹೆಣ್ಣುಮಗು, ಅವಧಿಗೆ ಮುಂಚೆ, ಮಗು ಆಸ್ಪತ್ರೆಯಲ್ಲಿ, ಸಿರಿ ಮನೆಯಲ್ಲಿ, ಬಾ. ಕೊನೆಯ ಪದವನ್ನು ಕನ್ನಡದಲ್ಲೇ ಹೇಳಿಸಿದ್ದಾರೆ. ಅದರ ಅರ್ಥವೇನೆಂದು ಅವಳು ನನ್ನನ್ನೇ ಕೇಳಿದಳು.

ಹದಿನಾಲ್ಕು ದಿನ. ಮಗು ಹುಟ್ಟಿ ಹದಿನಾಲ್ಕು ದಿನ ನಾನು ನೀರಿನ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದೆ. ಯಾಕೆ ಹೇಳಲಿಲ್ಲ ನೀನು? ನಾನು ನಿನಗೆ ಅಷ್ಟು ದೂರದವಳೇ?

(ಸಿರಿ, ನಾನು ಜೂಡಿತ್ ಆಂಟಿ. ಇವರು ಇಲ್ಲಿ ಅಳ್ತಾ ಇದ್ದಾರೆ. ಅದನ್ನು ಬರೀಬೇಡ ಅಂತ ಹೇಳಿದ್ರು. ನಾನು ಬರೆದೆ. ಮತ್ತೆ ಇವರು ಈಗ ಹೇಳುವ ಸೀಟಿನ ವಿಷಯದಲ್ಲಿ ನಾನು ಇವರ ಹತ್ರ ಎರಡು ದಿವಸ ಮಾತು ಬಿಟ್ಟಿದ್ದೆ, ಅದೂ ನಿನಗೆ ಗೊತ್ತಿರಲಿ.)

ಇಪ್ಪತ್ತರ ಸೀಟಿನ ಕಥೆ ಹೇಳುತ್ತೇನೆ, ಬೇರೆಯವರಿಂದ ತಿಳಿಯುವ ಮೊದಲು. ದಂಡೆಯ ಕಲ್ಲು ಪಾಚಿಗಟ್ಟಿತ್ತು, ದೋಣಿಯ ಹಗ್ಗ ಎಳೆಯುವಾಗ ಜಾರಿದೆ. ಡಾಕ್ಟರು ಹೊರಡಿ ಎಂದರು. ನಾನು ಆತನಿಗೆ, ಮಗಳ ಹೆರಿಗೆಗೆ ಇನ್ನೂ ಒಂದು ತಿಂಗಳಿದೆ, ಏನೂ ಅವಸರವಿಲ್ಲ ಎಂದು ಹೇಳಿ ಒಪ್ಪಿಸಿದೆ. ನಿನ್ನ ಹೆಸರನ್ನೇ ಹೇಳಿ ಒಪ್ಪಿಸಿದೆ, ಸಿರಿ. ಆಗ ನೀನು ಹೆತ್ತಾಗಿತ್ತು. ಸೀಟು ಠಾಣೆಯ ಅಡುಗೆಯವನಿಗೆ ಹೋಯಿತು.

ನಾಳೆ ಹೆಲಿಕಾಪ್ಟರ್ ಬರುತ್ತದೆ. ನಾನು ಠಾಣೆಗೆ ಹೋಗುತ್ತೇನೆ. ಐದರ ವಿಮಾನದಲ್ಲಿ ಮತ್ತೆ ಜಾಗ ಕೇಳಿದ್ದೇನೆ, ಕೊಟ್ಟಿದ್ದಾರೆ. ನನ್ನ ಬದಲಿಗೆ ಠಾಣೆಯಿಂದ ಒಬ್ಬರು ಬಂದು ಜೂಡಿತ್ ಜೊತೆ ಇರುತ್ತಾರೆ. ವಾರದ ಕೊನೆಗೆ ದೊಡ್ಡ ಗಾಳಿಯಿದೆ ಎನ್ನುತ್ತಿದ್ದಾರೆ.

ಮಗುವಿಗೆ ಉಗುರು ಬಂದಿದೆಯೇ? ಅವಧಿಗೆ ಮುಂಚೆ ಹುಟ್ಟಿದವಕ್ಕೆ ಕೆಲವು ಸಲ ಪೂರ್ತಿ ಬಂದಿರುವುದಿಲ್ಲ. ಬರೆ.

ಅಮ್ಮ


ಪಿನ್ನರ್
೬ ಫೆಬ್ರವರಿ ೨೦೨೫

ಅಮ್ಮಾ,

ಉಗುರು ಬಂದಿದೆ. ತನ್ನ ಮುಖವನ್ನೇ ಗೀರಿಕೊಂಡಿದ್ದಾಳೆ.

ನಮ್ಮ ಪತ್ರಗಳು ದಾರಿಯಲ್ಲಿ ಒಂದನ್ನೊಂದು ದಾಟಿಹೋದವು. ನಾನು ಬೈದದ್ದು ನಿನಗೆ ಠಾಣೆಯಲ್ಲಿ ಸಿಕ್ಕಿರಬೇಕು. ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ನೀನು ಕೇಳಿದ್ದಕ್ಕೆ ಉತ್ತರ ಕೊಡಬೇಕು.

ಯಾಕೆ ಹೇಳಲಿಲ್ಲ? ಸಿಟ್ಟಿಗೆ ಎಂದು ಅಭಿಜಿತ್‌ಗೆ ಹೇಳಿದ್ದೆ. ಅದು ಸುಳ್ಳು. ಹೇಳಿದ ಮೇಲೂ ನೀನು ಬರದೇ ಹೋಗಿದ್ದರೆ? ಹೇಳದಿದ್ದರೆ ಅಮ್ಮನಿಗೆ ಗೊತ್ತಿಲ್ಲ, ಅದಕ್ಕೆ ಬಂದಿಲ್ಲ ಎಂದುಕೊಂಡು ಇರಬಹುದಿತ್ತು. ಆಪರೇಷನ್ನಿಗೆ ಕರೆದುಕೊಂಡು ಹೋಗುವಾಗ ಆ ಒಂದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಅಪ್ಪ ಆಣೆ ಮುರಿದದ್ದನ್ನು ತಾವಾಗಿಯೇ ಬಂದು ಹೇಳಿದರು. ನಾನು ಕೂಗಾಡಿದೆ. ಅವರು ಎಂದೂ ಎದುರು ಮಾತಾಡದವರು, "ನೀವಿಬ್ರೂ ಒಬ್ಬರನ್ನೊಬ್ಬರು ಪರೀಕ್ಷೆ ಮಾಡಿದ್ದು ಸಾಕು. ಮಧ್ಯೆ ನಾನೊಬ್ಬ ಇದೀನಿ, ಮಗು ಒಂದಿದೆ" ಎಂದು ಹೇಳಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದು ಗಂಟೆಯ ಮೇಲೆ ಹೊರಗೆ ಬಂದಾಗ ಕೈಯಲ್ಲಿ ಉಂಡೆಯಿತ್ತು. ಚೆನ್ನಾಗಿತ್ತು, ಅಮ್ಮ. ನಾನು ಅಳುತ್ತಾ ಮೂರು ತಿಂದೆ.

ಟ್ಯೂಬು ಮೊನ್ನೆ ತೆಗೆದರು. ಈಗ ತಾನೇ ಕುಡಿಯುತ್ತಾಳೆ, ನಿಧಾನ, ಮಧ್ಯೆ ಮಧ್ಯೆ ನಿದ್ದೆ.

ಈಗ ತಾನೇ ಆಫೀಸಿನವರು ಫೋನ್ ಮಾಡಿದ್ದರು, ಗಾಳಿ ನಿಂತಿಲ್ಲ, ಐದರ ವಿಮಾನ ಹಾರಿಲ್ಲ, ಯಾವತ್ತು ಎಂದು ಗೊತ್ತಿಲ್ಲ ಎಂದು. ನೀನು ಬರುತ್ತೇನೆ ಎಂದಾಗ ಆಕಾಶ ಬೇಡ ಎನ್ನುತ್ತದೆ. ನಾನು ಯಾರನ್ನೆಂದು ಬೈಯಲಿ?

ಸಿರಿಶಾ


ಠಾಣೆ
೯ ಫೆಬ್ರವರಿ ೨೦೨೫

ಸಿರಿ,

ಮತ್ತೆ ಎಡಗೈ. ಜೂಡಿತ್ ಕೆರೆಯ ಹತ್ತಿರವಿದ್ದಾಳೆ. ನಾಳೆ ಬೆಳಿಗ್ಗೆ ವಿಮಾನ ಖಂಡಿತ ಎಂದಿದ್ದಾರೆ.

ನಿನ್ನ ಪತ್ರವನ್ನು ಊಟದ ಕೋಣೆಯಲ್ಲಿ ಓದಬಾರದಿತ್ತು. ಎದ್ದು ಹೊರಗೆ ಬಂದೆ.

ನೀನು ಹೆದರಿದ ಆ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಬರುತ್ತಿದ್ದೆ. ಅದೇ ದಿನ ಹೊರಡುತ್ತಿದ್ದೆ ಎಂದು ಬರೆದರೆ ನಿನಗೆ ಸಮಾಧಾನವಾದೀತು, ಆದರೆ ನಿನಗೆ ನಾನು ಗೊತ್ತು. ಒಂದು ಗಂಟೆ ದಂಡೆಯಲ್ಲಿ ಕೂತು, ಏನಾದರೂ ಮಾಡಿ ಎರಡನ್ನೂ ಉಳಿಸಿಕೊಳ್ಳಬಹುದೇ ಎಂದು ಲೆಕ್ಕ ಹಾಕಿ, ಆಗುವುದಿಲ್ಲವೆಂದು ತಿಳಿದು, ಎಲ್ಲರ ಮೇಲೂ ರೇಗುತ್ತಾ ಹೊರಡುತ್ತಿದ್ದೆ. ಇಪ್ಪತ್ತಾರನೇ ತಾರೀಖು ಮಾಡಿದ್ದೂ ಅದನ್ನೇ.

ಗಾಳಿ ಮೂವತ್ತೊಂದರಂದು ಎದ್ದು ಒಂದು ವಾರ ಬೀಸಿತು. ಜೂಡಿತ್ ನಿನ್ನೆ ರೇಡಿಯೋದಲ್ಲಿ ಮಾತಾಡಿದಳು. ಮೇಲಿನ ನೀರು ಕೆಳಗಿನದನ್ನು ಕೊರೆದುಕೊಂಡು ಆಳಕ್ಕೆ ಇಳಿದಿದೆ. ಹಸಿರು ಪಟ್ಟೆ ಇಲ್ಲ. ಎಲ್ಲಿ ಸೀಸೆ ಇಳಿಸಿದರೂ ಇಲ್ಲ. ಕೆರೆಯ ತುಂಬ ಆ ನಾತ ಎದ್ದು, ಗುಡಿಸಲಿನ ಬಾಗಿಲು ಹಾಕಿಕೊಂಡು ಕೂತಿದ್ದರಂತೆ. ತಳದ ನೀರು ಮಾತ್ರ ಅಲುಗಿಲ್ಲ, ಹಾಗೇ ಇದೆ. "ನೀವು ನೋಡ್ಬೇಕಿತ್ತು" ಎಂದು ಅವಳ ಬಾಯಿ ತಪ್ಪಿ ಬಂತು.

ನನಗೆ ಬೇಸರವಾಯಿತು, ಸಿರಿ. ಇಪ್ಪತ್ತೊಂಬತ್ತು ವರ್ಷ ಕಾದು ನಾಲ್ಕೇ ದಿನಕ್ಕೆ ತಪ್ಪಿಸಿಕೊಂಡೆ. ಮೊಮ್ಮಗಳಿಗಾಗಿ ಇದೇನು ಮಹಾ ಎಂದು ಎಲ್ಲರೂ ಹೇಳುತ್ತಾರೆ. ಮಹಾ ಆಗಿತ್ತು. ಆದರೂ ಹೊರಟೆ. ಎರಡನ್ನೂ ನೀನು ನಂಬಬೇಕು.

ಅಮ್ಮ


ಪಿನ್ನರ್
೧೭ ಫೆಬ್ರವರಿ ೨೦೨೫

ಅಮ್ಮಾ,

ನೀನು ಅಕ್ಸ್‌ಬ್ರಿಡ್ಜ್‌ಗೆ ಬಂದು ಐದು ದಿನವಾಯಿತು, ಇನ್ನೂ ಮಗುವಿನ ಮುಖ ನೋಡಿಲ್ಲ. ಭೂಮಿಯ ತುದಿಯಿಂದ ಬಂದವಳು ವಿಮಾನದಲ್ಲಿ ಯಾರ ಹತ್ತಿರವೋ ಕೆಮ್ಮು ಹಿಡಿಸಿಕೊಂಡು ಬರಬೇಕೇ? ವಾರ್ಡಿನವರು ಬಾಗಿಲಿನಿಂದಲೇ ವಾಪಸು ಕಳಿಸಿದಾಗ ನೀನು ಗಾಜಿನ ಹೊರಗೆ, ನಾನು ಒಳಗೆ. ನಿನ್ನ ಪ್ಲಾಸ್ಟರಿನ ಕೈ, ಮಾಸ್ಕು, ಆ ಕೆಂಪು ಜಾಕೆಟ್ಟು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ.

ನಿನ್ನೆ ಫೋನಿನಲ್ಲಿ ನಾವಿಬ್ಬರೂ ಆಡಿದ್ದು ಸಾಕು. ಇಬ್ಬರೂ ಕಿರುಚುತ್ತೇವೆ, ನೀನು ಕೆಮ್ಮುತ್ತೀಯ, ಅಪ್ಪ ಫೋನ್ ಇಟ್ಟುಬಿಡುತ್ತಾರೆ. ಅದಕ್ಕೇ ಇದನ್ನು ಬರೆದು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ಮೊದಲನೆಯದು, ನಾಳೆ ಮಗುವನ್ನು ಮನೆಗೆ ಕಳಿಸುತ್ತಾರೆ. ಎರಡನೆಯದು, ಕೆಮ್ಮು ನಿಂತು ಎರಡು ದಿನವಾದ ಮೇಲೆ ಬರಬಹುದು ಎಂದು ಮಿಡ್‌ವೈಫ್ ಹೇಳಿದ್ದಾಳೆ. ಒಂದು ದಿನವಲ್ಲ, ಎರಡು. ನಿನಗೆ ಲೆಕ್ಕ ಬರುತ್ತದೆ. ಮೂರನೆಯದು, ನೀರು ಹಾಕುವುದು, ಎಣ್ಣೆ ಹಚ್ಚುವುದು ಎಲ್ಲ ಅಪ್ಪನದು. ನಿನಗೆ ಕೈಯಿಲ್ಲ, ಆದ್ದರಿಂದ ಹೀಗೆ ಮಾಡಿ, ಹಾಗೆ ಮಾಡಿ ಎಂದು ಅವರಿಗೆ ಹೇಳಕೂಡದು. ನೀನು ಇಲ್ಲದಾಗ ಅವರು ಕಲಿತದ್ದು ಅವರದೇ ಆಗಿರಲಿ.

ಹಾಗಾದರೆ ನಾನು ಬಂದು ಮಾಡುವುದೇನು ಎಂದು ಕೇಳುತ್ತೀಯ, ಗೊತ್ತು. ಹೇಳುತ್ತೇನೆ. ಅವಳು ಕುಡಿಯುವುದಕ್ಕೆ ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತು ನಾನು ಅಲ್ಲಾಡುವಂತಿಲ್ಲ, ಗೋಡೆ ನೋಡುತ್ತಾ ಕೂತಿರುತ್ತೇನೆ. ನೀನು ಎದುರಿನ ಕುರ್ಚಿಯಲ್ಲಿ ಕೂತು ಆ ಹಸಿರು ಪಟ್ಟೆಯ ವಿಷಯ ಹೇಳು. ನೀನು ಅದನ್ನು ಮೊದಲ ಸಲ ನೋಡಿದ ದಿನದಿಂದ. ಮೂರು ತಿಂಗಳಲ್ಲಿ ನಾನು ಒಂದು ಸಲವೂ ಕೇಳಲಿಲ್ಲ. ಮಧ್ಯೆ ರೇಗುವುದಿಲ್ಲ ಎಂದು ಮಾತ್ರ ಭಾಷೆ ಕೊಡಲಾರೆ.

ಸಿರಿ